ಪದಚರ್ಚೆ: ಅರಿಯಸನನ್ನು ‘ಪಾಷಂಡಿ’ ಅನ್ನಬಹುದೇ? ನಾಳೆ ಸಂಜೆ ಅಚ್ಚಿಗೆ ಹೋಗಬೇಕು

ಗೆಳೆಯರೇ,

ಮೊನ್ನೆ ‘ಹೆರೆಸಿ’ಗೆ, ಅಂದರೆ ಚರ್ಚು ತಪ್ಪೆಂದು ತಳ್ಳಿದ ಬೋಧನೆಗೆ, ಕನ್ನಡ ಪದ ಕೇಳಿದ್ದೆ. ಉತ್ತರ ಬೇಕಾದಷ್ಟು ಬಂದವು, ಪದ ಮಾತ್ರ ಇನ್ನೂ ಕೈಗೆ ಸಿಕ್ಕಿಲ್ಲ. ತಡವಾಗಿ ಓದುತ್ತಿರುವವರಿಗೆ ಹೇಳಿಬಿಡುತ್ತೇನೆ: ನಮ್ಮ ಚರ್ಚಿನಲ್ಲಿ 325ರ ನೈಸಿಯಾದ ಬಿಷಪ್‌ಗಳ ಮಹಾಸಭೆಯ ಬಗ್ಗೆ ಎಂಟು ಫಲಕ ಹಾಕುತ್ತಿದ್ದೇವೆ. ಬರಹ ಇಂಗ್ಲಿಷಿನಲ್ಲಿದೆ, ಕನ್ನಡಕ್ಕೆ ತರುವ ಕೆಲಸ ನನ್ನದು. ಮೂರನೇ ಫಲಕ ಆ ಸಭೆ ಖಂಡಿಸಿದ ಅರಿಯಸನದು. ಅಲ್ಲೇ ಸಿಕ್ಕಿಕೊಂಡಿದ್ದೇನೆ.

ಮೊದಲ ಕರಡಿನಲ್ಲಿ ‘ಪಾಷಂಡಿ ಅರಿಯಸ್’ ಎಂದೇ ಬರೆದಿದ್ದೆ. ಅಚ್ಚಿನ ಅಂಗಡಿಯಿಂದ ಬಂದ ಮಾದರಿ ಹಾಳೆಯನ್ನು ಊಟದ ಮೇಜಿನ ಮೇಲೆ ಹರಡಿದ್ದೆ. ಅಮ್ಮ ಕನ್ನಡಕ ಹಾಕಿಕೊಂಡು, ಸಾಲಿನ ಕೆಳಗೆ ಬೆರಳಿಟ್ಟು ಓದುತ್ತಾ ಬಂದರು. ‘ಪಾಷಂಡಿ’ ಹತ್ತಿರ ಬೆರಳು ನಿಂತಿತು. “ಇವನು ದೇವರನ್ನೇ ನಂಬ್ತಿರಲಿಲ್ವಾ?” ಎಂದರು. ನಂಬುತ್ತಿದ್ದನಮ್ಮ, ಅಲೆಕ್ಸಾಂಡ್ರಿಯದಲ್ಲಿ ಪಾದ್ರಿಯಾಗಿದ್ದ, ತಂದೆಯಾದ ದೇವರಿಗೆ ಸಮನಾಗಿ ಇನ್ನೊಬ್ಬರನ್ನು, ಮಗನಾದ ಯೇಸುವನ್ನೂ, ನಿಲ್ಲಿಸಬಾರದು ಅನ್ನುವುದೇ ಅವನ ಹಟ ಎಂದೆ. “ಹಾಗಾದ್ರೆ ಈ ಪದ ಯಾಕೆ ಹಾಕಿದ್ದೀಯ?” ಅಂದರು. ನನ್ನಲ್ಲಿ ಉತ್ತರ ಇರಲಿಲ್ಲ. ಅದಕ್ಕೇ ಇಲ್ಲಿ ಕೇಳಿದ್ದು.

ಈಗ ಬಂದ ಉತ್ತರಗಳ ಬಗ್ಗೆ.

> ನಿಘಂಟಿನಲ್ಲಿ ‘ಪಾಷಂಡ’ ಇದೆ. ಅದು ಬಿಟ್ಟು ಬೇರೆ ಹುಡುಕುವುದು ಸುಮ್ನೆ ಹೊತ್ತು ಕಳೆದಂತೆ.

ಇಲ್ಲ. ಆ ಪದ ಮೊದಲು ಬೈಗುಳವೇ ಆಗಿರಲಿಲ್ಲ. ಅಶೋಕನ ಶಾಸನಗಳಲ್ಲಿ ‘ಪಾಸಂಡ’ ಅಂದರೆ ಪಂಥ, ಅಷ್ಟೇ. ತನ್ನ ಪಾಸಂಡವನ್ನು ಹೊಗಳಿಕೊಂಡು ಬೇರೆಯವರದ್ದನ್ನು ಹಳಿಯಬೇಡಿ ಅನ್ನುತ್ತದೆ ಅವನ 12ನೇ ಬಂಡೆ ಶಾಸನ. ಆ ಶಾಸನದ ಒಂದು ಭಾಗ ನಮ್ಮ ಕಲಬುರಗಿ ಜಿಲ್ಲೆಯ ಸನ್ನತಿಯಲ್ಲೇ ಸಿಕ್ಕಿದೆ, ಕಾಳಿ ವಿಗ್ರಹಕ್ಕೆ ಪೀಠವಾಗಿದ್ದ ಕಲ್ಲಿನ ಮೇಲೆ. ಬೈಗುಳ ಆದದ್ದು ಆಮೇಲೆ, ಸ್ಮೃತಿ ಪುರಾಣಗಳ ಕೈಗೆ ಬಂದ ಮೇಲೆ.

ಗ್ರೀಕಿನ ‘ಹೈರೆಸಿಸ್’ ನಡೆದದ್ದೂ ಇದೇ ದಾರಿ. ಮೊದಲ ಶತಮಾನದ ಯೆಹೂದಿ ಇತಿಹಾಸಕಾರ ಜೋಸೆಫಸ್ ತನ್ನ ಜನರ ಫರಿಸಾಯರು, ಸದ್ದುಕಾಯರು, ಎಸ್ಸೀನರು ಮೂವರಿಗೂ ಅದೇ ಪದ ಬಳಸಿದ. ಬೈದದ್ದಲ್ಲ, ಪಂಥ ಅಂದದ್ದು. ಪೌಲ ದೇಶಾಧಿಪತಿ ಫೇಲಿಕ್ಸನ ಮುಂದೆ ನಿಂತಾಗ ಯೇಸುವಿನ ಮಾರ್ಗವನ್ನೇ ಎದುರಾಳಿಗಳು ‘ಹೈರೆಸಿಸ್’ ಅನ್ನುತ್ತಿದ್ದರು. ಸುಮಾರು 180ರಲ್ಲಿ ಲಿಯೋನಿನ ಬಿಷಪ್ ಐರೇನಿಯಸ್ ಹೆರೆಸಿಗಳ ವಿರುದ್ಧ ಐದು ಸಂಪುಟ ಬರೆಯುವ ಹೊತ್ತಿಗೆ ಪದ ಪೂರ್ತಿ ಕಹಿಯಾಗಿತ್ತು. ಇನ್ನೂ ಇನ್ನೂರು ವರ್ಷ ಕಳೆದರೆ ಸೈಪ್ರಸ್ಸಿನ ಎಪಿಫಾನಿಯಸ್ 80 ಹೆರೆಸಿಗಳನ್ನು ಪಟ್ಟಿ ಮಾಡಿ, ಆ ಗ್ರಂಥಕ್ಕೆ ಔಷಧಿ ಪೆಟ್ಟಿಗೆ ಎಂಬ ಅರ್ಥದ ಹೆಸರಿಟ್ಟ. ಹಾವು ಕಚ್ಚಿದವರಿಗೆ ಕೊಡುವ ಮದ್ದು ಅಂತ.

ಹಾಗಾದರೆ ಎರಡೂ ಪದಗಳ ಜಾತಕ ಒಂದೇ, ‘ಪಾಷಂಡ’ವೇ ಸರಿ ಅಲ್ವಾ ಅಂತ ಕೇಳಬಹುದು. ವಿದ್ವಾಂಸರಿಗೆ ಸರಿ ಇರಬಹುದು. ಭಾನುವಾರ ಪೂಜೆ ಮುಗಿಸಿ ಹೊರಗೆ ಬರುವ ಜನ ಓದುವ ಫಲಕ ಇದು. ಅವರ ಕಿವಿಗೆ ಪಾಷಂಡಿ ಅಂದರೆ ದೇವರಿಲ್ಲ ಅನ್ನುವ ಕಟುಕ.

> ಗ್ರೀಕ್ ಬೇರು ‘ಆರಿಸು’. ಆದ್ದರಿಂದ ‘ಆಯ್ಮತ’. ಚರ್ಚೆ ಮುಗೀತು.

ಮುಗಿಯಲಿಲ್ಲ. ಬೇರು ನೋಡಿ ಪದ ಕಟ್ಟುವುದಾದರೆ ಸಂತೆಯಲ್ಲಿ ಬದನೆಕಾಯಿ ಆರಿಸುವುದೂ ಹೆರೆಸಿಯೇ. ಈ ಬೇರನ್ನು ಕ್ರೈಸ್ತ ಲೇಖಕ ತೆರ್ತುಲಿಯನ್ ಆಗಲೇ ಹಿಡಿದಿದ್ದ, ಸುಮಾರು 200ರಲ್ಲಿ. ಅವನಿಗೆ ಅದು ಆಯುಧವಾಗಿತ್ತು: ನಾವು ಅಪೊಸ್ತಲರಿಂದ ಪಡೆದುಕೊಂಡವರು, ಇವರು ತಮಗೆ ಬೇಕಾದ್ದನ್ನು ಆರಿಸಿಕೊಂಡವರು ಅಂತ. ಆ ಸಿಟ್ಟು ‘ಆಯ್ಮತ’ದಲ್ಲಿ ಎಲ್ಲಿದೆ? ಕನ್ನಡಿಗರಿಗೆ ಅದು ಚುನಾವಣೆಯ ಪದದಂತೆ ಕೇಳುತ್ತದೆ.

‘ಮಿಥ್ಯಾದೃಷ್ಟಿ’ ಸೂಚಿಸಿದವರಿಗೆ ಥ್ಯಾಂಕ್ಸ್. ಬಂದದ್ದರಲ್ಲಿ ಅರ್ಥಕ್ಕೆ ಜಾಸ್ತಿ ಹತ್ತಿರದ್ದು ಅದೇ. ಆದರೆ ಅದು ಜೈನರ ಪದ, ಅದರ ಹಿಂದೆ ಅವರದೇ ದೊಡ್ಡ ವಿಚಾರ ಇದೆ. ಅದನ್ನು ಎತ್ತಿ ತಂದು ಅಲೆಕ್ಸಾಂಡ್ರಿಯದ ಪಾದ್ರಿಗೆ ಅಂಟಿಸಲು ನನಗೆ ಮನಸ್ಸಿಲ್ಲ. ‘ಧರ್ಮದ್ರೋಹ’ ಬೇಡವೇ ಬೇಡ. ಅದರಲ್ಲಿ ಅರಮನೆಯ ವಾಸನೆ ಇದೆ. 380ರಲ್ಲಿ ಥಿಯೊಡೋಷಿಯಸ್ ಚಕ್ರವರ್ತಿ ಎಲ್ಲರೂ ನೈಸಿಯಾದ ನಂಬಿಕೆಯನ್ನೇ ಪಾಲಿಸಬೇಕೆಂದು ಆಜ್ಞೆ ಹೊರಡಿಸಿದ ಮೇಲಿನ ಕಾಲಕ್ಕೆ ಬೇಕಾದರೆ ಹೊಂದೀತು.

> ಎರವಲು ಪದಗಳಿಂದಲೇ ಕನ್ನಡ ಹಾಳಾದದ್ದು. ಸಂಸ್ಕೃತವೂ ಬೇಡ, ಇಂಗ್ಲಿಷೂ ಬೇಡ.

ನೈಸಿಯಾದ ಜಗಳದ ಒಳಗೇ ಇದೇ ಜಗಳ ಇತ್ತು ಸ್ವಾಮಿ. ಮಗ ತಂದೆಯೊಂದಿಗೆ ‘ಹೊಮೊಊಸಿಯೊಸ್’, ಅಂದರೆ ಒಂದೇ ಸತ್ತ್ವದವನು, ಎಂದು ಸಭೆ ಬರೆಯಿತು. ಆ ಪದ ಬೈಬಲಿನಲ್ಲಿ ಎಲ್ಲೂ ಇಲ್ಲ. ಅದನ್ನು ಮೊದಲು ಬಳಸಿದವರಲ್ಲಿ, ಚರ್ಚು ಹೆರೆಸಿ ಎಂದು ತಳ್ಳಿದ್ದ ನಾಸ್ಟಿಕ್ (ನಾಸ್ತಿಕ ಅಲ್ಲ, ಗುಪ್ತಜ್ಞಾನವಾದಿ) ಪಂಥದವರೇ ಇದ್ದರು. 357ರಲ್ಲಿ ಸಿರ್ಮಿಯಮ್ಮಿನಲ್ಲಿ ಸೇರಿದ ಬಿಷಪ್‌ಗಳು ಇದು ಗ್ರಂಥದಲ್ಲಿಲ್ಲದ ಪದ, ಯಾರೂ ಆಡಬಾರದು ಎಂದು ತೆಗೆದೇ ಹಾಕಿದರು. ಆದರೂ ಅಲೆಕ್ಸಾಂಡ್ರಿಯದ ಬಿಷಪ್ ಅಥನಾಸಿಯಸ್ ಬಿಡಲಿಲ್ಲ. ಐದು ಸಲ ಊರು ಬಿಟ್ಟು ಓಡಿಸಿಕೊಂಡ ಮನುಷ್ಯ ಅವನು. ಗ್ರಂಥದ ಪದಗಳನ್ನೇ ಹೇಳಿದರೆ ಅರಿಯಸನ ಕಡೆಯವರು ಅದಕ್ಕೂ ತಲೆಯಾಡಿಸಿ, ಒಳಗೆ ತಮ್ಮ ಅರ್ಥ ಇಟ್ಟುಕೊಳ್ಳುತ್ತಿದ್ದರು, ಅದಕ್ಕೇ ಹೊರಗಿನ ಪದ ತರಬೇಕಾಯಿತು ಎಂದು ಬರೆದಿದ್ದಾನೆ. ಪದ ಎಲ್ಲಿಂದ ಬಂತು ಅನ್ನುವುದಕ್ಕಿಂತ ಅದು ಬಾಗಿಲು ಮುಚ್ಚುತ್ತದೋ ಇಲ್ಲವೋ ಅನ್ನುವುದು ಅವನಿಗೆ ಮುಖ್ಯವಾಗಿತ್ತು. ನನಗೂ ಹಾಗೇ.

ಹಾಗಂತ ಅಚ್ಚಗನ್ನಡದವರ ಮಾತು ಪೂರ್ತಿ ತಳ್ಳಿಹಾಕಿಲ್ಲ. ‘ಹೊಮೊಊಸಿಯೊಸ್’ಗೆ ಒಬ್ಬರು ‘ಏಕಸತ್ತ್ವ’ ಎಂದರು, ಇನ್ನೊಬ್ಬರು ‘ಒಂದೇ ಇರವು’ ಎಂದರು. ಎರಡನೆಯದೇ ಚೆಂದ. ‘ಊಸಿಯ’ ಹುಟ್ಟಿದ್ದೇ ‘ಇರು’ ಎಂಬ ಅರ್ಥದ ಗ್ರೀಕ್ ಧಾತುವಿನಿಂದ. ಅದರ ಜೊತೆ ಇನ್ನೊಂದು ಸಿಕ್ಕಿತು. ಆಮೇಲೆ ಬಂದ ಇನ್ನೊಂದು ಪಕ್ಷ ‘ಹೊಮೊಯಿಊಸಿಯೊಸ್’ ಎಂದಿತು, ನಡುವೆ ಒಂದು ಅಯೋಟ ಅಕ್ಷರ ಜಾಸ್ತಿ. ಕನ್ನಡದಲ್ಲಿ ಮೊದಲಿನವರದು ‘ಅದೇ ಇರವು’, ಇವರದು ‘ಅಂಥದೇ ಇರವು’. ಕಳೆದುಹೋದ ಕೊಡೆಯನ್ನು ಯಾರೋ ತಂದುಕೊಟ್ಟಾಗ ‘ಇದು ಅದೇ’ ಅನ್ನುವುದಕ್ಕೂ ‘ಇದು ಅಂಥದೇ’ ಅನ್ನುವುದಕ್ಕೂ ಎಷ್ಟು ಅಂತರ ಅಂತ ಮಕ್ಕಳಿಗೂ ಗೊತ್ತು. (ನೈಸಿಯಾದಲ್ಲೇ ಒಂದಕ್ಷರಕ್ಕೆ ಹೊಡೆದಾಡಿದರು ಎಂದು ಬರೆದವರಿಗೆ: ತಪ್ಪು. ಈ ಪಕ್ಷ ಗಟ್ಟಿಯಾದದ್ದು 358ರ ಅಂಕೈರಾ ಸಭೆಯಲ್ಲಿ. ಆ ಪಕ್ಷದವರನ್ನು ಅಥನಾಸಿಯಸ್ ಸಹೋದರರು ಎಂದೇ ಕರೆದ.)

ಅರಿಯಸನ ಘೋಷವಾಕ್ಯಕ್ಕೂ ಇಷ್ಟೇ ಎಚ್ಚರ ಬೇಕು. ‘ಮಗ ಇಲ್ಲದ ಕಾಲವೊಂದಿತ್ತು’ ಎಂದು ಬರೆದಿದ್ದೆ. ಗ್ರೀಕಿನಲ್ಲಿ ‘ಕಾಲ’ ಎಂಬ ಪದವೇ ಇಲ್ಲ. ಮಗ ಕಾಲಕ್ಕಿಂತ ಮುಂಚಿನವನು ಎಂದು ಅವನೂ ಒಪ್ಪಿದ್ದ, ಅದಕ್ಕೇ ಆ ಪದ ತಪ್ಪಿಸಿದ. ಈಗ ‘ಅವನು ಇಲ್ಲದೆ ಇದ್ದದ್ದೂ ಉಂಟು’ ಎಂದು ತಿದ್ದಿದ್ದೇನೆ. ಬಾಯಿಗೂ ಕೂರುತ್ತದೆ. ಅರಿಯಸ್ ತನ್ನ ಬೋಧನೆಯನ್ನು ಹಡಗಿನವರಿಗೆ, ದಾರಿಹೋಕರಿಗೆ, ಬೀಸುಕಲ್ಲಿನ ಮುಂದೆ ಕೂತವರಿಗೆ ಹಾಡು ಮಾಡಿ ಕೊಟ್ಟ ಎಂದು ಮುಂದಿನ ಶತಮಾನದ ಇತಿಹಾಸಕಾರ ಫಿಲೊಸ್ಟೋರ್ಜಿಯಸ್ ಬರೆದಿದ್ದಾನೆ. ಬೀಸುವ ಪದದಲ್ಲಿ ಹೊಂದಬೇಕಾದ ಮಾತು ಗಟ್ಟಿ ಗ್ರಾಂಥಿಕವಾಗಿದ್ದರೆ ಹೇಗೆ?

‘ಹೆರೆಸಿ’ಗೆ ನನ್ನ ತೀರ್ಮಾನ ಇದು. ಆ ಕಾಲದಲ್ಲಿ ಯಾರೂ ತನ್ನ ಮಾತನ್ನು ತಾನೇ ಹೆರೆಸಿ ಎಂದು ಕರೆದುಕೊಳ್ಳಲಿಲ್ಲ. ಅದು ಯಾವಾಗಲೂ ಒಬ್ಬರು ಇನ್ನೊಬ್ಬರ ಮೇಲೆ ಹೊರಿಸಿದ ಆರೋಪ. ಹಾಗಾಗಿ ಕನ್ನಡದಲ್ಲಿ ಹೊರಿಸಿದವರು ಯಾರು ಎಂದು ಕಾಣಬೇಕು. ‘ಪಾಷಂಡಿ ಅರಿಯಸ್’ ಎಂದರೆ ಹೊರಿಸಿದವನು ನಾನಾಗುತ್ತೇನೆ. ಬದಲಿಗೆ: ‘ಅರಿಯಸನ ಬೋಧನೆಯನ್ನು ನೈಸಿಯಾ ಸಭೆ ತಪ್ಪುಬೋಧನೆ ಎಂದು ತಳ್ಳಿಹಾಕಿತು.’ ‘ತಪ್ಪುಬೋಧನೆ’ ನಮ್ಮ ಜನ ದಿನಾ ಆಡುವ ಪದ. ಸಭೆಯ ತೀರ್ಮಾನ ನನಗೆ ಸರಿ ಅನಿಸುತ್ತದೆ, ಆ ನಂಬಿಕೆಯಲ್ಲೇ ಬೆಳೆದವಳು ನಾನು. ಆದರೂ ಫಲಕದ ಮೇಲೆ ಸತ್ತವನಿಗೆ ಬೈಯುವುದು ಬೇಡ.

ಇನ್ನು ಉಳಿದದ್ದು ಎರಡು. ಆರನೇ ಫಲಕದಲ್ಲಿ ‘ಹೆರೆಟಿಕ್’ ಎಂದು ಮನುಷ್ಯನನ್ನೇ ಕರೆಯುವ ಸಾಲು ಇದೆ, ಅದೂ ಚಕ್ರವರ್ತಿಯ ಆಜ್ಞೆಯ ಬಾಯಲ್ಲಿ. ಅಲ್ಲಿ ಬೈಗುಳವೇ ಬೇಕು, ‘ಪಾಷಂಡಿ’ಯನ್ನು ಅಲ್ಲಿಗೆ ಇಟ್ಟುಕೊಳ್ಳಲೇ? ಇನ್ನೊಂದು, ‘ತಂದೆಯ ಇರವು ಯಾವುದೋ ಮಗನದೂ ಅದೇ ಇರವು’ ಎಂಬ ಸಾಲನ್ನು ದಯವಿಟ್ಟು ಒಂದು ಸಲ ಗಟ್ಟಿಯಾಗಿ ಓದಿ, ಎಲ್ಲಿ ತಡವರಿಸಿತು ಹೇಳಿ. ನಾಳೆ ನಾಲ್ಕು ಗಂಟೆಯ ಒಳಗೆ.