ಜಿಯಾಲಜಿಸ್ಟ್ ಬ್ಯಾಗಲ್ಲಿ ಏನಿರುತ್ತೆ? ಅಪ್ಪನಿಗೆ ಹೇಳಬೇಕು

ತುಂಗಾತೀರ:
ಎಲ್ಲರಿಗೂ ನಮಸ್ಕಾರ. ನನ್ನ ತಂಗಿ ಜಿಯಾಲಜಿ ಎಂಎಸ್ಸಿ ಕೊನೇ ವರ್ಷದಲ್ಲಿದ್ದಾಳೆ. ಯುಪಿಎಸ್‌ಸಿಯ ಜಿಯೋ-ಸೈಂಟಿಸ್ಟ್ ಪರೀಕ್ಷೆಗೆ ಕಟ್ಟಬೇಕು ಅಂತ ಪಟ್ಟು ಹಿಡಿದು ಕೂತಿದ್ದಾಳೆ. ಅಪ್ಪನಿಗೆ ಮೊದಲು ಖುಷಿಯೋ ಖುಷಿ. ಸೆಂಟ್ರಲ್ ಗೌರ್ಮೆಂಟ್ ಕೆಲಸ, ಫ್ಯಾನ್ ಕೆಳಗೆ ಟೇಬಲ್ಲು, ಸಂಜೆ ಆರಕ್ಕೆ ಮನೆ. ಮೊನ್ನೆ ಒಬ್ಬರು ನೆಂಟರು ಬಂದು "ಜಿಎಸ್‌ಐ ಅಂದ್ರೆ ಕಾಡುಮೇಡು ಅಲೆಯೋದು ಕಣೋ, ಹೆಣ್ಣುಮಗಳನ್ನ ಅಲ್ಲಿಗೆ ಕಳಿಸ್ತೀಯಾ" ಅಂದುಬಿಟ್ಟರು (ಜಿಎಸ್‌ಐ ಅಂದರೆ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ, ಈ ಪರೀಕ್ಷೆ ಪಾಸಾದವರು ಸೇರುವ ಇಲಾಖೆ). ಅವತ್ತಿಂದ ಅಪ್ಪನ ಮುಖ ಸಪ್ಪಗಿದೆ.

ಸಂಬಳ, ಸಿಲಬಸ್ ಎಲ್ಲ ಗೂಗಲ್‌ನಲ್ಲೇ ಸಿಗುತ್ತದೆ, ಅದು ಬೇಡ. ನನಗೆ ಬೇಕಿರುವುದು ಬೇರೆ. ಈ ಸರ್ಕಾರಿ ವಿಜ್ಞಾನಿಗಳು ಬೆಳಿಗ್ಗೆ ಎದ್ದು ನಿಜವಾಗಿ ಏನು ಮಾಡುತ್ತಾರೆ? ಬ್ಯಾಗಲ್ಲಿ ಏನೇನು ಹೊತ್ತುಕೊಂಡು ಹೋಗುತ್ತಾರೆ? ಕಲ್ಲಿನವರು, ನೀರಿನವರು, ಹುಲಿ ಎಣಿಸುವವರು, ಯಾರಿದ್ದರೂ ಸ್ವಲ್ಪ ಬಿಡಿಸಿ ಹೇಳಿ. ಅಪ್ಪನಿಗೆ ಓದಿ ಹೇಳುತ್ತೇನೆ.

ಕಲ್ಲಕ್ಕ:
ನಾನೂ ಒಬ್ಬ ಹೆಣ್ಣುಮಗಳೇ, ಜಿಯಾಲಜಿಸ್ಟ್ ಆಗಿ ಹನ್ನೊಂದು ವರ್ಷ ಆಯಿತು. ನಮ್ಮಪ್ಪನೂ ಹೀಗೇ ಸಪ್ಪಗಾಗಿದ್ದರು. ಇವತ್ತು ಯಾರಾದರೂ ಮನೆಗೆ ಬಂದರೆ ಮೊದಲು ತೋರಿಸುವುದು ನಾನು ತಂದುಕೊಟ್ಟ ಕಲ್ಲುಗಳನ್ನೇ!

ಬ್ಯಾಗ್ ವಿಷಯಕ್ಕೆ ಬರೋಣ. ಸುತ್ತಿಗೆ. ಬ್ರಂಟನ್ ದಿಕ್ಸೂಚಿ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಪುಟ್ಟ ಲೆನ್ಸ್, ದಾರ ಕಟ್ಟಿ ಕೊರಳಿಗೆ ಹಾಕಿಕೊಳ್ಳುತ್ತೇವೆ. ಡ್ರಾಪರ್ ಬಾಟಲಿಯಲ್ಲಿ ನೀರು ಬೆರೆಸಿದ ಆ್ಯಸಿಡ್. ಜಿಪಿಎಸ್, ಟೊಪೊಶೀಟ್ (ಗುಡ್ಡ, ಹಳ್ಳ, ಎತ್ತರ ಎಲ್ಲ ತೋರಿಸುವ ನಕ್ಷೆ), ಬಟ್ಟೆ ಚೀಲಗಳು, ಮಾರ್ಕರ್ ಪೆನ್ನು, ಡೈರಿ. ಇದರ ಜೊತೆ ಎರಡು ಲೀಟರ್ ನೀರು, ಡಬ್ಬಿಯಲ್ಲಿ ಚಿತ್ರಾನ್ನ. ಹೋಗುವಾಗ ಬ್ಯಾಗ್ ಹಗುರ, ಬರುವಾಗ ಕಲ್ಲು ತುಂಬಿರುತ್ತದೆ, ಉಳಿದ ಕೆಲಸಗಳಿಗೆಲ್ಲ ಉಲ್ಟಾ ನೋಡಿ.

ಸುತ್ತಿಗೆ ಯಾಕೆ ಅಂದರೆ ಬಂಡೆಯ ಹೊರಮೈ ಸುಳ್ಳು ಹೇಳುತ್ತದೆ. ಬಿಸಿಲು ಮಳೆಗೆ ಬಣ್ಣ ಕೆಟ್ಟಿರುತ್ತದೆ, ಪಾಚಿ ಕಟ್ಟಿರುತ್ತದೆ. ಒಂದು ಚಕ್ಕೆ ಎಬ್ಬಿಸಿ ಒಳಗಿನ ಹೊಸ ಮೈ ನೋಡಬೇಕು. ಲೆನ್ಸನ್ನು ಕಣ್ಣಿಗೆ ಅಂಟಿಸಿಕೊಂಡು ಕಲ್ಲನ್ನೇ ಹತ್ತಿರ ತರಬೇಕು, ಹೊಸಬರು ಇದನ್ನು ತಿರುಗುಮುರುಗು ಮಾಡುತ್ತಾರೆ. ಆ್ಯಸಿಡ್ ಒಂದು ಹನಿ ಬಿಟ್ಟರೆ ಸುಣ್ಣದಕಲ್ಲು ಬುರುಬುರು ನೊರೆ ಬರುತ್ತದೆ. ಅದನ್ನೇ ಹೋಲುವ ಡಾಲೊಮೈಟ್ ಕಲ್ಲು ಆದರೆ ಸುಮ್ನೆ ಕೂತಿರುತ್ತದೆ, ಚಾಕುವಿನಲ್ಲಿ ಕೆರೆದು ಪುಡಿ ಮಾಡಿ ಬಿಟ್ಟರೆ ಮಾತ್ರ ನಿಧಾನಕ್ಕೆ ನೊರೆ.

ಬ್ರಂಟನ್ ಇರುವುದು ಪದರ ಯಾವ ದಿಕ್ಕಿಗೆ ಹೋಗಿದೆ, ಎಷ್ಟು ಡಿಗ್ರಿ ಓರೆಯಾಗಿ ನೆಲದೊಳಗೆ ಇಳಿದಿದೆ ಅಂತ ಅಳೆಯಲು. ಇದರಲ್ಲಿ ನಾನು ಒಮ್ಮೆ ಚೆನ್ನಾಗಿ ಬೇಸ್ತು ಬಿದ್ದೆ. ಮೊದಲ ವರ್ಷ, ಕಬ್ಬಿಣದ ಅದಿರಿನ ಗುಡ್ಡ. ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಮೂವತ್ತು ಕಡೆ ಅಳತೆ ತೆಗೆದು ಡೈರಿ ತುಂಬಿಸಿದೆ. ಸಂಜೆ ನಕ್ಷೆ ಮೇಲೆ ಹಾಕಿ ನೋಡಿದರೆ ಒಂದೇ ಪದರ ಹಾವಿನ ಹಾಗೆ ಹೊರಳಾಡುತ್ತಿದೆ. ಬಂಡೆಯಲ್ಲಿದ್ದ ಮ್ಯಾಗ್ನಟೈಟ್ ಅನ್ನುವ ಅಯಸ್ಕಾಂತ ಗುಣದ ಖನಿಜ ದಿಕ್ಸೂಚಿಯ ಮುಳ್ಳನ್ನು ಎಳೆದಾಡಿತ್ತು! ಮಾರನೇ ದಿನ ಸೀನಿಯರ್ ಒಬ್ಬರು ಪದರದ ಗುಂಟ ದೂರ ದೂರದ ಎರಡು ಕಡೆ ಜಿಪಿಎಸ್ ಬಿಂದು ತೆಗೆದು, ಅವುಗಳಿಂದ ದಿಕ್ಕು ಲೆಕ್ಕ ಹಾಕೋದನ್ನ ತೋರಿಸಿಕೊಟ್ಟರು. ಮೂವತ್ತು ಅಳತೆಯನ್ನೂ ಗೀಟು ಹಾಕಿ ಹೊಡೆದೆ. ಅಳಿಸುವ ಹಾಗಿಲ್ಲ, ಗೀಟು ಮಾತ್ರ, ತಪ್ಪೂ ಡೈರಿಯಲ್ಲಿ ಕಾಣಬೇಕು.

ತಂಗಿ ಪಾಸಾದರೆ ಟ್ರೈನಿಂಗ್‌ನಲ್ಲಿ ನಮ್ಮ ಚಿತ್ರದುರ್ಗದ ಬಂಡೆಗಳೂ ಸಿಗಬಹುದು, ಜಿಎಸ್‌ಐ ತರಬೇತಿ ಸಂಸ್ಥೆಯದು ಅಲ್ಲೊಂದು ಫೀಲ್ಡ್ ಕೇಂದ್ರ ಇದೆ. ಹತ್ತಿರದ ಮರಡಿಹಳ್ಳಿಯಲ್ಲಿ ಲಾವಾ ದಿಂಬು ಪೇರಿಸಿಟ್ಟ ಹಾಗೆ ಇದೆ, ಲಾವಾ ನೀರೊಳಗೆ ಉಕ್ಕಿದಾಗ ಮಾತ್ರ ಆಗುವ ಆಕಾರ ಅದು. ಚಿತ್ರದುರ್ಗದಲ್ಲಿ ಒಂದು ಕಾಲಕ್ಕೆ ಸಮುದ್ರ ಇತ್ತು ಅಂತ ಅಪ್ಪನಿಗೆ ಹೇಳಿ, ಮುಖ ನೋಡಿ.

ಬೈಟುಕಾಫಿ:
ಒಂದು ಡೌಟು, ತಪ್ಪು ತಿಳಿಯಬೇಡಿ. ಈಗ ಸ್ಯಾಟಲೈಟ್ ಇದೆ, ಡ್ರೋನ್ ಇದೆ, ಎಐ ಇದೆ. ಇನ್ನೂ ಸುತ್ತಿಗೆ ಹಿಡಿದು ಬಂಡೆ ಕುಟ್ಟುತ್ತಾ ಕೂತರೆ ಹೇಗೆ? 1851ರಲ್ಲಿ ಶುರುವಾದ ಇಲಾಖೆ, ಅದೇ ಕಾಲದಲ್ಲೇ ನಿಂತಿದೆಯಾ?

ಕಲ್ಲಕ್ಕ:
@ಬೈಟುಕಾಫಿ ಡೌಟು ಸರಿಯಾಗೇ ಇದೆ. ಸ್ಯಾಟಲೈಟ್ ಚಿತ್ರ ನೋಡದೆ ಈಗ ಯಾರೂ ಫೀಲ್ಡಿಗೆ ಇಳಿಯುವುದಿಲ್ಲ. 2025ರ ಜುಲೈನಲ್ಲಿ ಹಾರಿಸಿದ ನಿಸಾರ್ ಉಪಗ್ರಹ ಹನ್ನೆರಡು ದಿನಕ್ಕೊಮ್ಮೆ ಅದೇ ಜಾಗ ನೋಡಿ ನೆಲ ಸೆಂಟಿಮೀಟರ್ ಲೆಕ್ಕದಲ್ಲಿ ಜರುಗಿದರೂ ಹಿಡಿಯಬಲ್ಲದು, ಭೂಕುಸಿತದ ಕೆಲಸಕ್ಕೆ ಅದು ದೊಡ್ಡ ವರ. ಆದರೆ ಮಲೆನಾಡನ್ನು ಮೇಲಿಂದ ನೋಡಿದರೆ ಕಾಣುವುದೇನು ಹೇಳಿ? ಮರ. ಮರದ ಕೆಳಗೆ ಜಂಬಿಟ್ಟಿಗೆ. ಅದರ ಕೆಳಗೆ ಏನಿದೆ ಅಂತ ತಿಳಿಯಲು ಹಳ್ಳಕ್ಕೇ ಇಳಿಯಬೇಕು, ನೀರು ಕೊರೆದ ಕಡೆ ಬಂಡೆ ಮುಖ ತೋರಿಸುತ್ತದೆ.

ಹಳ್ಳದ ಇನ್ನೊಂದು ಕೆಲಸ ಹೇಳುತ್ತೇನೆ. ದೇಶದ ಮಣ್ಣಿನಲ್ಲಿ ಯಾವ ಧಾತು ಎಲ್ಲಿ ಎಷ್ಟಿದೆ ಅನ್ನುವ ನಕ್ಷೆ ಮಾಡುತ್ತಿದ್ದೇವೆ. ನೆಲವನ್ನು ಚೌಕ ಚೌಕ ಮಾಡಿಕೊಂಡು ಪ್ರತಿ ಚೌಕದ ಹಳ್ಳದ ಮರಳು-ಮಣ್ಣು ತೆಗೆಯುವುದು. ತೆಗೆದದ್ದನ್ನು ಒಣಗಿಸಿ, ಜರಡಿ ಹಿಡಿದು, ರಾಶಿ ಮಾಡಿ ನಾಲ್ಕು ಪಾಲು ಮಾಡಿ, ಎದುರುಬದುರಿನ ಎರಡು ಪಾಲು ಇಟ್ಟುಕೊಂಡು ಉಳಿದದ್ದು ಚೆಲ್ಲುತ್ತೇವೆ. ನಮ್ಮಜ್ಜಿ ಕಣದಲ್ಲಿ ರಾಗಿ ಪಾಲು ಮಾಡುತ್ತಿದ್ದ ಹಾಗೇ ಇದೆ. ಕೈ ಹಾಕುವ ಮೊದಲು ಉಂಗುರ, ಬಳೆ ಎಲ್ಲ ತೆಗೆದಿಡಬೇಕು. ಇಲ್ಲದಿದ್ದರೆ ಲ್ಯಾಬಿನಲ್ಲಿ ಚಿನ್ನ ಸಿಗುತ್ತದೆ, ಅದು ನಿಮ್ಮದೇ ಉಂಗುರದ್ದು 😄

ಕಚೇರಿ ಕೆಲಸವೂ ಬೇಕಾದಷ್ಟಿದೆ. ಮಳೆಗಾಲ ಪೂರ್ತಿ ಒಳಗೇ. ತಂದ ಕಲ್ಲನ್ನು ಕೊಯ್ದು ಗಾಜಿಗೆ ಅಂಟಿಸಿ 0.03 ಮಿಲಿಮೀಟರ್ ಆಗುವವರೆಗೆ ಉಜ್ಜಿ, ಸೂಕ್ಷ್ಮದರ್ಶಕದಲ್ಲಿ ಇಟ್ಟರೆ ಕಪ್ಪಗಿದ್ದ ಕಲ್ಲಿನೊಳಗಿಂದ ಬೆಳಕು ಹಾಯುತ್ತದೆ. ಅದನ್ನು ಮೊದಲ ಸಲ ನೋಡಿದ ದಿನ ಊಟ ಮರೆತಿದ್ದೆ. ವರದಿ ಬರೆಯುವಾಗ ಊಟ ಮರೆಯುವುದಿಲ್ಲ, ಆಗಾಗ ಏಳುವುದಕ್ಕೆ ಅದೇ ನೆಪ.

ಬೈಟುಕಾಫಿ:
ಉಂಗುರದ ಕಥೆಗೆ ನಾನು ಸೋತೆ ಅಕ್ಕ. ಸುತ್ತಿಗೆ ಇರಲಿ ಬಿಡಿ.

ಕಾಡುಹಾದಿ:
ನಾನು ಕಲ್ಲಿನವನಲ್ಲ, ಹುಲಿ ಕಡೆಯವನು. ಒಂದು ಸರ್ಕಾರಿ ಸಂಸ್ಥೆಯ ಯೋಜನೆಯಲ್ಲಿ ಗುತ್ತಿಗೆ ಬಯಾಲಜಿಸ್ಟ್ ಆಗಿದ್ದೆ. ಮೊದಲೇ ಒಂದು ಮಾತು, ವನ್ಯಜೀವಿ ಕಡೆ ಕಾಯಂ ಹುದ್ದೆ ತೀರಾ ಕಡಿಮೆ. ಯೋಜನೆ ಮುಗಿದರೆ ಕೆಲಸವೂ ಮುಗಿಯಿತು. ನನಗೆ ಒಂದು ಸಲ ನಾಲ್ಕು ತಿಂಗಳ ಸಂಬಳ ಒಟ್ಟಿಗೇ ಬಂತು, ಅಲ್ಲಿಯವರೆಗೆ ಗೆಸ್ಟ್‌ಹೌಸ್ ಪಕ್ಕದ ಅಂಗಡಿಯಲ್ಲಿ ಸಾಲ. ಆ ಲೆಕ್ಕದಲ್ಲಿ ನಿಮ್ಮ ತಂಗಿ ಜಾಣೆ.

ನಾಲ್ಕು ವರ್ಷಕ್ಕೊಮ್ಮೆ ದೇಶದ ಹುಲಿ ಎಣಿಕೆ ನಡೆಯುತ್ತದೆ, ಹುಲಿ ಪ್ರಾಧಿಕಾರ, ಡೆಹ್ರಾಡೂನಿನ ವನ್ಯಜೀವಿ ಸಂಸ್ಥೆ, ರಾಜ್ಯಗಳ ಅರಣ್ಯ ಇಲಾಖೆ ಸೇರಿ ಮಾಡುವುದು. 2022ರಲ್ಲಿ 32,588 ಜಾಗಗಳಲ್ಲಿ ಕ್ಯಾಮೆರಾ ಕಟ್ಟಿದ್ದರು. ಬಂದ ಫೋಟೊ 4 ಕೋಟಿ 70 ಲಕ್ಷಕ್ಕೂ ಜಾಸ್ತಿ. ಅದರಲ್ಲಿ ಹುಲಿ ಇದ್ದದ್ದು 97,399! ಮಿಕ್ಕಿದ್ದೆಲ್ಲ ಜಿಂಕೆ, ಆನೆ, ದನ, ಗಾಳಿಗೆ ಅಲ್ಲಾಡಿದ ಹುಲ್ಲು, ಮತ್ತೆ ನಮ್ಮವೇ ಮುಖಗಳು. ಕರ್ನಾಟಕದ ಲೆಕ್ಕ 563 ಬಂತು, ಮಧ್ಯಪ್ರದೇಶ ಆದಮೇಲೆ ನಾವೇ.

ಒಂದು ಜಾಗಕ್ಕೆ ಎರಡು ಕ್ಯಾಮೆರಾ, ದಾರಿಯ ಆಚೆ ಒಂದು ಈಚೆ ಒಂದು. ಯಾಕೆಂದರೆ ಹುಲಿಯ ಎಡಮೈ ಪಟ್ಟೆಯೇ ಬೇರೆ, ಬಲಮೈ ಪಟ್ಟೆಯೇ ಬೇರೆ. ಒಂದೇ ಕಡೆ ತೆಗೆದರೆ ಒಂದು ಹುಲಿಯನ್ನು ಎರಡು ಅಂತ ಎಣಿಸಿಬಿಡುವ ಅಪಾಯ. ನಮ್ಮ ಬೆರಳಚ್ಚು ಇದ್ದ ಹಾಗೆ ಆ ಪಟ್ಟೆ. ನಾಗರಹೊಳೆಯಲ್ಲಿ ಉಲ್ಲಾಸ ಕಾರಂತರು 1990ರ ದಶಕದಲ್ಲೇ ಪಟ್ಟೆ ನೋಡಿ ಲೆಕ್ಕ ಹಾಕುವ ಈ ದಾರಿ ತೋರಿಸಿದ್ದರು, ಅವರು ಸರ್ಕಾರದವರಲ್ಲ, ಆದರೆ ಸರ್ಕಾರವೂ ಆಮೇಲೆ ಹೆಜ್ಜೆಗುರುತಿನ ಲೆಕ್ಕ ಬಿಟ್ಟು ಈ ದಾರಿಗೇ ಬಂತು.

ಕ್ಯಾಮೆರಾ ಮೊಣಕಾಲೆತ್ತರಕ್ಕೆ ಕಟ್ಟಿದ ಮೇಲೆ ಪರೀಕ್ಷೆ ಮಾಡಬೇಕಲ್ಲ? ಒಬ್ಬರು ಅಂಬೆಗಾಲಿಟ್ಟುಕೊಂಡು ಹುಲಿ ಹಾಗೆ ಅದರ ಮುಂದೆ ಹಾಯಬೇಕು. ಡಿಗ್ರಿ ಮೇಲೆ ಡಿಗ್ರಿ ಮಾಡಿ ಕಾಡಲ್ಲಿ ಅಂಬೆಗಾಲು. ನಮ್ಮ ಜೊತೆ ಬರುತ್ತಿದ್ದ ಜೇನುಕುರುಬ ವಾಚರ್ ಅಣ್ಣ ಮೊದಲ ದಿನ ನಕ್ಕೂ ನಕ್ಕೂ ಸುಸ್ತಾದ. ಆದರೆ ಕ್ಯಾಮೆರಾ ಯಾವ ತಿರುವಿನಲ್ಲಿ ಕಟ್ಟಬೇಕು ಅಂತ ಹೇಳುತ್ತಿದ್ದವನು ಅವನೇ. ನಾನು ಲ್ಯಾಪ್‌ಟಾಪ್ ನಕ್ಷೆ ನೋಡಿ ಆರಿಸಿದ ಜಾಗದಲ್ಲಿ ಬರೀ ಕಡವೆ, ಅವನು ಹೇಳಿದ ಕಡೆ ಮೂರನೇ ರಾತ್ರಿಗೇ ಹುಲಿ.

ಆನೆಗೆ ಮಾತ್ರ ಈ ಕ್ಯಾಮೆರಾ ಕಂಡರೆ ಆಗುವುದಿಲ್ಲ. ಕಬ್ಬಿಣದ ಗೂಡು ಮಾಡಿ ಬೋಲ್ಟು ಹಾಕಿ ಚೈನು ಸುತ್ತಿದರೂ ಗೂಡು ಸಮೇತ ಕಿತ್ತು ಎಸೆಯುತ್ತದೆ. ಕೊನೇ ಫೋಟೊದಲ್ಲಿ ಸೊಂಡಿಲ ತುದಿ ಮಾತ್ರ ಇರುತ್ತದೆ, ಅಪರಾಧಿಯ ಸೆಲ್ಫಿ.

ಆದರೆ ನಮಗೆ ಆದ ದೊಡ್ಡ ನಷ್ಟ ಆನೆಯಿಂದಲ್ಲ. ಒಂದು ಜೋಡಿಯಲ್ಲಿ ಬ್ಯಾಟರಿ ಬದಲಿಸಿದವರು ಗಡಿಯಾರ ಸರಿಮಾಡಲು ಮರೆತರು. ಎಡಗಡೆ ಕ್ಯಾಮೆರಾ ರಾತ್ರಿ ಎರಡು ಅನ್ನುತ್ತದೆ, ಬಲಗಡೆಯದು ಮಧ್ಯಾಹ್ನ ಎರಡು. ಎರಡೂ ಮೈ ಒಂದೇ ಹುಲಿಯದು ಅಂತ ಹೇಳಲು ಆಗಲಿಲ್ಲ. ಇಪ್ಪತ್ತೈದು ದಿನದ ಕೆಲಸ, ಆ ಜಾಗದ್ದು ಅರ್ಧಕ್ಕರ್ಧ ನೀರಿಗೆ ಹೋಯಿತು. ಮರೆತವರು ಯಾರು ಅಂತ ಕೇಳಬೇಡಿ. ನಾನೇ.

ಬಾವಿಕಟ್ಟೆ:
ನೀರಿನವರನ್ನೂ ಕರೆದಿದ್ದೀರಿ, ಅದಕ್ಕೆ ಎರಡು ಮಾತು. ಅಂತರ್ಜಲ ಇಲಾಖೆಯಲ್ಲಿದ್ದು ನಿವೃತ್ತನಾದವನು ನಾನು. ಕೇಂದ್ರ ಅಂತರ್ಜಲ ಮಂಡಳಿಯ ಹೈಡ್ರೊಜಿಯಾಲಜಿಸ್ಟ್ ಹುದ್ದೆಗೂ ತಂಗಿ ಬರೆಯುವ ಅದೇ ಪರೀಕ್ಷೆ, ಅದನ್ನೂ ಗಮನದಲ್ಲಿ ಇಟ್ಟುಕೊಳ್ಳಲಿ.

ಮಂಡಳಿಯವರು ಗುರುತು ಮಾಡಿಕೊಂಡ ಬಾವಿಗಳ ನೀರಿನ ಮಟ್ಟವನ್ನು ವರ್ಷಕ್ಕೆ ನಾಲ್ಕು ಸಲ ಅಳೆಯುತ್ತಾರೆ. ಈಗ ಕೊಳವೆಯೊಳಗೆ ತಾನೇ ಅಳೆದು ಕಳಿಸುವ ಯಂತ್ರ ಬಂದಿದೆ. ನಮ್ಮ ಕಾಲದಲ್ಲಿ ಉಕ್ಕಿನ ಟೇಪು, ಅದರ ತುದಿಗೆ ಸೀಮೆಸುಣ್ಣ ಹಚ್ಚಿ ಇಳಿಬಿಡುತ್ತಿದ್ದೆವು. ಮೇಲೆ ಎಳೆದಾಗ ಸುಣ್ಣ ಎಲ್ಲಿಯವರೆಗೆ ನೆಂದಿದೆಯೋ ಅದೇ ನೀರಿನ ಮಟ್ಟ. ಬಾವಿಕಟ್ಟೆಯ ಎತ್ತರ ಕಳೆಯುವುದನ್ನು ಮರೆಯಬಾರದು, ಒಮ್ಮೆ ಕಟ್ಟೆ ಎತ್ತರಿಸಿ ಕಟ್ಟಿದ್ದು ಗೊತ್ತಾಗದೆ ಊರಿನ ನೀರು ಎರಡಡಿ ಇಳಿದಿದೆ ಅಂತ ಬರೆದುಕೊಂಡು ಬಂದಿದ್ದೆ.

ಕಷ್ಟ ಇದ್ದದ್ದು ಜನಕ್ಕೆ ಹೇಳುವುದು. ಟೇಪು ಹಿಡಿದು ನಿಂತರೆ ಸಾಕು, ಊರವರೆಲ್ಲ ಸೇರಿ "ಸ್ವಾಮಿ, ನಮ್ಮ ಹೊಲದಾಗೆ ಎಲ್ಲಿ ಬೋರು ಕೊರೆಸ್ಲಿ" ಅಂತ ಕೇಳುತ್ತಿದ್ದರು. ನಾಲ್ಕು ಸರಳು ನೆಟ್ಟು ನೆಲಕ್ಕೆ ಕರೆಂಟು ಬಿಟ್ಟು ನೋಡುವ ಯಂತ್ರ ನಮ್ಮಲ್ಲಿತ್ತು, ತೇವ ಇರುವ ಬಿರುಕು ಬಂಡೆಯಲ್ಲಿ ಕರೆಂಟು ಸಲೀಸಾಗಿ ಹರಿಯುತ್ತದೆ, ಗಟ್ಟಿ ಬಂಡೆಯಲ್ಲಿ ಹರಿಯುವುದಿಲ್ಲ. ಒಂದು ಊರಲ್ಲಿ ನಾನು ಅರ್ಧ ದಿನ ವೈರು ಎಳೆದು ಲೆಕ್ಕ ಹಾಕಿ ಜಾಗ ತೋರಿಸಿದೆ. ಯಜಮಾನರು ಎಲ್ಲ ಕೇಳಿಸಿಕೊಂಡು, ಆಮೇಲೆ ತೆಂಗಿನಕಾಯಿ ಹಿಡಿದವರೊಬ್ಬರನ್ನು ಕರೆಸಿ ಅವರನ್ನೂ ಕೇಳಿದರು. ಇಬ್ಬರೂ ತೋರಿಸಿದ್ದು ಹತ್ತಿರ ಹತ್ತಿರವೇ. ನೀರು ಬಿತ್ತು. ಹೆಸರು ಯಾರಿಗೆ ಬಂತು ಅಂತ ಬೇರೆ ಹೇಳಬೇಕಾ?

ತುಂಗಾತೀರ:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ರಾತ್ರಿ ಊಟ ಆದಮೇಲೆ ಅಪ್ಪನಿಗೆ ಪೂರ್ತಿ ಓದಿ ಹೇಳಿದೆ. ಅಂಬೆಗಾಲಿಗೆ ಜೋರಾಗಿ ನಕ್ಕರು. ಬಾವಿಕಟ್ಟೆ ಸರ್ ಕಥೆ ಕೇಳಿ "ತೆಂಗಿನಕಾಯಿಯವನು ಇವರು ಸರಳು ನೆಟ್ಟಿದ್ದು ನೋಡಿಕೊಂಡೇ ಬಂದಿರ್ತಾನೆ" ಅಂದರು. ಆಮೇಲೆ ಮೂರು ಪ್ರಶ್ನೆ ಕೇಳಿದ್ದಾರೆ. ಒಬ್ಬಳನ್ನೇ ಕಳಿಸುತ್ತಾರಾ, ಊಟ ಯಾರು ಮಾಡಿಕೊಡುತ್ತಾರೆ, ಎಲ್ಲಿಗೆ ಹಾಕುತ್ತಾರೆ.

ತಂಗಿದು ಬೇರೆಯೇ ಪ್ರಶ್ನೆ, ಸುತ್ತಿಗೆ ಈಗಲೇ ಕೊಂಡುಕೊಳ್ಳಲಾ ಅಂತ.

ಕಲ್ಲಕ್ಕ:
ಅಪ್ಪನಿಗೆ ಹೇಳಿ. ನನ್ನನ್ನು ಒಬ್ಬಳನ್ನೇ ಯಾವತ್ತೂ ಕಳಿಸಿಲ್ಲ. ಜೊತೆಗೊಬ್ಬ ಸಹೋದ್ಯೋಗಿ, ಡ್ರೈವರ್, ದಾರಿ ತೋರಿಸಲು ಊರಿನವರೊಬ್ಬರು ಇದ್ದೇ ಇರುತ್ತಿದ್ದರು. ಕ್ಯಾಂಪ್ ಅಂದರೆ ನನ್ನ ಹನ್ನೊಂದು ವರ್ಷದಲ್ಲಿ ಹೆಚ್ಚಾಗಿ ಬಾಡಿಗೆ ಮನೆ ಇಲ್ಲವೇ ಗೆಸ್ಟ್‌ಹೌಸ್, ಟೆಂಟು ಅಪರೂಪ. ಅಡುಗೆಗೆ ಆ ಊರಿನವರನ್ನೇ ಗೊತ್ತು ಮಾಡಿಕೊಳ್ಳುತ್ತೇವೆ, ಸಿಗದ ದಿನ ಸರದಿ ಪ್ರಕಾರ ನಾವೇ. ಡ್ರೈವರ್ ಅಣ್ಣ ಮಾಡುವ ಸಾರಿಗೆ ನಮ್ಮ ಟೀಮಿನಲ್ಲಿ ಯಾರೂ ಸಾಟಿ ಇಲ್ಲ.

ಎಲ್ಲಿಗೆ ಹಾಕುತ್ತಾರೆ ಅನ್ನುವುದಕ್ಕೆ ನಾನು ಸುಳ್ಳು ಸಮಾಧಾನ ಹೇಳುವುದಿಲ್ಲ. ರಾಜಸ್ಥಾನವೂ ಆಗಬಹುದು, ಅರುಣಾಚಲವೂ ಆಗಬಹುದು. ಹಿಮಾಲಯದ ಕಡೆ ಹಾಕಿದರೆ ನಮ್ಮ ಲೆಕ್ಕ ಉಲ್ಟಾ, ಹಿಮ ಕರಗುವ ಬೇಸಿಗೆಯಲ್ಲಿ ಫೀಲ್ಡು. ಅದೃಷ್ಟ ಇದ್ದರೆ ಮಂಗಳೂರೂ ಸಿಗಬಹುದು. ಸಮುದ್ರ ತಳ ನೋಡುವ ವಿಭಾಗದ ಕೇಂದ್ರ ಕಚೇರಿ ಅಲ್ಲೇ ಇದೆ, ಸಮುದ್ರ ರತ್ನಾಕರ ಅನ್ನುವ ಹಡಗಿನಲ್ಲಿ ವಾರಗಟ್ಟಲೆ ನೀರಿನ ಮೇಲೆ. ಭೂಕುಸಿತ ಆದರೆ ಮಾತ್ರ ಮಳೆಗಾಲ ಅಂತ ನೋಡುವುದಿಲ್ಲ. 2018ರಲ್ಲಿ ಕೊಡಗು, 2024ರಲ್ಲಿ ಅಂಕೋಲಾದ ಶಿರೂರು, ಎರಡು ಕಡೆಗೂ ನಮ್ಮ ಇಲಾಖೆಯವರು ಹೋಗಿದ್ದರು. ಗುಡ್ಡ ಎಷ್ಟು ಕಡಿದಾಗಿತ್ತು, ರಸ್ತೆಗೆ ಬುಡ ಎಲ್ಲಿ ಕಡಿದಿದ್ದಾರೆ, ನೀರು ಎಲ್ಲಿಂದ ಒಸರುತ್ತಿದೆ, ಇವೆಲ್ಲ ಮಣ್ಣು ಒಣಗುವ ಮೊದಲೇ ಬರೆದುಕೊಳ್ಳಬೇಕು.

ತಂಗಿಗೆ: ಸುತ್ತಿಗೆ ಬೇಡ, ಕಚೇರಿಯಲ್ಲೇ ಕೊಡುತ್ತಾರೆ. ಪ್ರಿಲಿಮ್ಸ್ ಫೆಬ್ರವರಿ ಸುಮಾರಿಗೆ ಇರುತ್ತದೆ, ಈಗ ಪುಸ್ತಕ ಹಿಡಿ. ಬೂಟು ಮಾತ್ರ ನಿನ್ನ ದುಡ್ಡಲ್ಲೇ ತಗೋ, ಅದೂ ಸಂಜೆ ಹೊತ್ತು ಹೋಗಿ ದಪ್ಪ ಕಾಲುಚೀಲ ಹಾಕಿಕೊಂಡು ನೋಡಿ ತಗೋ. ನಡೆದು ನಡೆದು ಪಾದ ಊದುತ್ತದೆ, ಬೆಳಿಗ್ಗೆ ಸರಿಯಾಗಿ ಕೂತ ಬೂಟು ಮಧ್ಯಾಹ್ನ ಕಚ್ಚುತ್ತದೆ.