ಹಳೆಯ ಟ್ರಾನ್ಸ್‌ಫಾರ್ಮರ್ಸ್ ರೋಬೊ ಗೊಂಬೆ ಕೊಳ್ಳುವ ಮುನ್ನ ಏನೇನು ನೋಡಬೇಕು? ಅನುಭವ ಇದ್ದವರು ತಿಳಿಸಿ

ಕೇಳಿದವರು, ಸುರತ್ಕಲ್:
ಮಣಿಪಾಲ ಬಿಟ್ಟು ಹೊರಟಿರುವ ಒಬ್ಬರು ತಮ್ಮ ಟ್ರಾನ್ಸ್‌ಫಾರ್ಮರ್ಸ್ ಮಾಸ್ಟರ್‌ಪೀಸ್ ಸಾಲಿನ ಆಪ್ಟಿಮಸ್ ಪ್ರೈಮ್ ಮಾರುತ್ತಿದ್ದಾರೆ, ಮಡಚಿದರೆ ಲಾರಿಯಾಗುವ ರೋಬೊ. ಆ ಸಾಲಿನಲ್ಲಿ ಇದರ ಸಂಖ್ಯೆ ಎಂಪಿ-10, 2011ರದು. ಪೆಟ್ಟಿಗೆ ಇದೆ, ಹನ್ನೆರಡು ಸಾವಿರ ಹೇಳುತ್ತಿದ್ದಾರೆ. ನಾನು ಇದುವರೆಗೆ ಕೊಂಡದ್ದೆಲ್ಲ ಅಂಗಡಿಯ ಹೊಸವು, ಡಿಲಕ್ಸ್, ವಾಯೇಜರ್ ಎಂಬ ಸಣ್ಣ ಅಳತೆಯವು. ಭಾನುವಾರ ನೋಡಲು ಹೋಗುವವನಿದ್ದೇನೆ. ಬಳಸಿದ್ದನ್ನು ಕೈಗೆತ್ತಿಕೊಂಡಾಗ ಎಲ್ಲಿಂದ ಪರೀಕ್ಷೆ ಶುರು ಮಾಡಬೇಕು?

ಕದ್ರಿಯಿಂದ:
ಮುಂಗಡ ಮಾತ್ರ ಕೊಡಬೇಡಿ ಮಾರಾಯರೇ. ಎದೆಯುಬ್ಬಿಸಿ ನಿಂತ ರೋಬೊದ ಫೋಟೋ ನೋಡಿ ನಾನು ಒಮ್ಮೆ ಮೋಸ ಹೋಗಿದ್ದೇನೆ. ಮುಂಬಯಿಯಿಂದ ಕೊರಿಯರ್‌ನಲ್ಲಿ ತರಿಸಿದ, ಮಡಚಿದರೆ ವಿಮಾನವಾಗುವ ರೋಬೊ ಅದು. ರೆಕ್ಕೆಯ ಬುಡದಲ್ಲಿ ಲೋಹದ ಪಿನ್ ಹೊಕ್ಕ ಜಾಗದ ಸುತ್ತ ಕೂದಲಿನಷ್ಟು ಸಪೂರದ ಬಿಳಿ ಗೆರೆಗಳಿದ್ದವು. ಧೂಳಿರಬೇಕು ಎಂದುಕೊಂಡು ಒರೆಸಿದೆ. ಎರಡನೆಯ ಸಲ ಮಡಚುವಾಗ ಟಿಕ್ ಎಂದಿತು, ರೆಕ್ಕೆ ಕೈಗೆ ಬಂತು. ಪ್ಲಾಸ್ಟಿಕ್ ಒತ್ತಡಕ್ಕೆ ಸಿಕ್ಕಿ ಒಳಗೇ ಸೀಳುವಾಗ ಹೀಗೆ ಬಿಳಿಚಿಕೊಳ್ಳುತ್ತದೆ ಎಂದು ತಿಳಿದದ್ದು ಆಮೇಲೆ. ಅಂದಿನಿಂದ ಒಂದು ಸಣ್ಣ ಟಾರ್ಚ್ ಇಲ್ಲದೆ ಯಾರ ಮನೆಗೂ ಹೋಗುವುದಿಲ್ಲ.

ಈ ಗೊಂಬೆಯ ಗುಣ ತಿಳಿಯುವುದು ಅದು ರೂಪ ಬದಲಿಸುವಾಗ. ಹಾಗಾಗಿ ರೋಬೊವನ್ನು ಲಾರಿ ಮಾಡಿ, ಮತ್ತೆ ರೋಬೊ ಮಾಡಿ ತೋರಿಸಲು ಮೊದಲು ಮಾಲೀಕರಿಗೇ ಹೇಳಿ. ಅವರ ಬೆರಳು ಎಲ್ಲಿ ತಡವರಿಸುತ್ತದೆ, ಯಾವ ಭಾಗ ಬಂದಾಗ ಮಾತು ನಿಲ್ಲಿಸಿ ಉಸಿರು ಹಿಡಿಯುತ್ತಾರೆ ಎಂಬುದನ್ನು ಗಮನಿಸಿ. ಆಮೇಲೆ ನೀವು ಮಾಡಿ. ಟಕ್ ಟಕ್ ಎಂದು ಹಲ್ಲು ಕಚ್ಚಿಕೊಳ್ಳುವ ಕೀಲು ಎರಡೂ ಬದಿಯಲ್ಲಿ ಒಂದೇ ಥರ ಸದ್ದು ಮಾಡಬೇಕು. ಒಂದು ಬದಿ ಸದ್ದಿಲ್ಲದೆ ಜಾರಿದರೆ ಒಳಗೆ ಹಲ್ಲು ಸವೆದಿದೆ. ಲಾರಿಯಾದ ಮೇಲೆ ನಯವಾದ ನೆಲದ ಮೇಲೆ ಇಟ್ಟು ಒಂದೇ ಬೆರಳಿನಿಂದ ತಳ್ಳಿ. ಆರೂ ಚಕ್ರ ನೆಲ ಮುಟ್ಟಿ ಉರುಳಿದರೆ ಒಳಗೆ ಕಾಲು, ಸೊಂಟ ಎಲ್ಲ ತಂತಮ್ಮ ಜಾಗದಲ್ಲಿ ಕುಳಿತಿವೆ ಎಂದೇ ಲೆಕ್ಕ. ಕುಂಟಿದರೆ ಯಾವುದೋ ಫಲಕ ಸೊಟ್ಟಗಾಗಿದೆ.

ಎದೆ ತೆರೆದು ಒಳಗೆ ಮ್ಯಾಟ್ರಿಕ್ಸ್ ಎಂಬ ಪುಟ್ಟ ಬಿಡಿಭಾಗ ಇದೆಯೇ ನೋಡಿ. ಬಂದೂಕು, ಕೊಡಲಿ, ಟ್ರೈಲರ್, ಅದರೊಳಗಿನ ‘ರೋಲರ್’ ಎಂಬ ಪುಟ್ಟ ಗಾಡಿ, ಎಲ್ಲವನ್ನೂ ಎಣಿಸಿಕೊಳ್ಳಿ. ಇವುಗಳಲ್ಲಿ ಒಂದು ಕಳೆದುಹೋದರೂ ಬಿಡಿಯಾಗಿ ಹುಡುಕುವುದು ದೊಡ್ಡ ರಾಮಾಯಣ.

ಮಲ್ಪೆಯಿಂದ:
ಕದ್ರಿಯವರು ಹೇಳಿದ್ದೆಲ್ಲ ಸರಿ. ಆದರೆ ನಮ್ಮ ಕರಾವಳಿಯಲ್ಲಿ ಅದು ಎಷ್ಟು ಮಳೆಗಾಲ ಕಂಡಿದೆ, ಎಲ್ಲಿಟ್ಟಿದ್ದರು ಎಂದೂ ಕೇಳಬೇಕು. ಬೆನ್ನು ತಿರುಗಿಸಿ ಸ್ಕ್ರೂಗಳ ತಲೆ ನೋಡಿ. ಉಪ್ಪುಗಾಳಿ ಮೊದಲು ತಿನ್ನುವುದು ಅದನ್ನೇ. ಕಿಟಕಿ ಪಕ್ಕ ಬಿಸಿಲಿಗೆ ಇಟ್ಟಿದ್ದರೆ ಬಿಳಿ, ಬೂದು ಭಾಗಗಳು ಹಳದಿಗೆ ತಿರುಗಿರುತ್ತವೆ. ಪೆಟ್ಟಿಗೆಯ ಮುಚ್ಚಳ ತೆಗೆದ ಕೂಡಲೇ ಮೂಗು ಒಡ್ಡಿ. ಬೂಸಲಿನ ವಾಸನೆ ಬಂದರೆ ರಟ್ಟಿನ ಆಸೆ ಬಿಟ್ಟು ಗೊಂಬೆಗೆ ಮಾತ್ರ ಬೆಲೆ ಕಟ್ಟಿ.

ನನ್ನದೇ ದಡ್ಡತನ ಒಂದಿದೆ. ಜಿರಳೆ ಬಾರದಿರಲಿ ಎಂದು ಪೆಟ್ಟಿಗೆಯೊಳಗೆ ನುಸಿಗುಳಿಗೆ ಹಾಕಿ ಜೂನ್‌ನಲ್ಲಿ ಮುಚ್ಚಿಟ್ಟೆ. ಚೌತಿ ಹೊತ್ತಿಗೆ ತೆಗೆದರೆ ಕಾರಿನ ಮುಂಗಾಜು ಮಬ್ಬಾಗಿ, ಬೆರಳಿಗೆ ಅಂಟುತ್ತಿತ್ತು. ನ್ಯಾಫ್ತಲೀನ್ ಆವಿ ಕೆಲವು ಪ್ಲಾಸ್ಟಿಕ್‌ಗಳನ್ನು, ಮುಖ್ಯವಾಗಿ ಪಾಲಿಸ್ಟೈರೀನ್ ಅನ್ನು, ಮೆತ್ತಗೆ ಮಾಡುತ್ತದೆ. ಈಗ ಗಾಳಿಯಾಡದ ಡಬ್ಬದಲ್ಲಿ ಸಿಲಿಕಾ ಜೆಲ್ ಹಾಕುತ್ತೇನೆ. ನೀಲಿ ಹರಳು ಗುಲಾಬಿಯಾದಾಗ ಕಾಯಿಸಿ ಮತ್ತೆ ಹಾಕುತ್ತೇನೆ. ಅಮ್ಮನಿಗೆ ಇದೆಲ್ಲ ತಮಾಷೆ. ಟ್ರಾನ್ಸ್‌ಫಾರ್ಮರ್ ಎಂದರೆ ಅವರಿಗೆ ಮೆಸ್ಕಾಂನವರು ಕಂಬದ ಮೇಲೆ ಕೂರಿಸಿದ್ದು ಒಂದೇ.

ಕಂಕನಾಡಿಯಿಂದ:
ಅಳತೆ ಪಟ್ಟಿ ಒಯ್ಯಿರಿ. ಮೂಲ ಎಂಪಿ-10 ನಿಂತಾಗ ಸುಮಾರು 24 ಸೆಂಟಿಮೀಟರ್. ಇದನ್ನೇ ಹಿಗ್ಗಿಸಿ, ಲೋಹ ಸೇರಿಸಿ ಮಾಡಿದ ದೊಡ್ಡ ನಕಲುಗಳು ಬೇಕಾದಷ್ಟಿವೆ. ತೂಕ ಜಾಸ್ತಿ ಇದೆ ಎಂದು ಮರುಳಾಗಬೇಡಿ. ಮೈಮೇಲಿನ ಕಂಪನಿಯ ಅಚ್ಚನ್ನೂ ನಕಲು ಮಾಡುತ್ತಾರೆ, ಅದೊಂದನ್ನೇ ನಂಬುವಂತಿಲ್ಲ. ಐಎಸ್ಐ ಗುರುತು ಇಲ್ಲ ಎಂದು ಗಾಬರಿಯೂ ಬೇಡ. ಆಟಿಕೆಗಳಿಗೆ ಅದು ಕಡ್ಡಾಯವಾದದ್ದು 2021ರ ಜನವರಿಯಿಂದ. ಬೆಲೆ ನನಗೆ ವಿಪರೀತ ಅನ್ನಿಸುವುದಿಲ್ಲ. ಆಮದು ಸುಂಕ 2020ರಲ್ಲಿ ಶೇ 20ರಿಂದ 60ಕ್ಕೆ, 2023ರಲ್ಲಿ 70ಕ್ಕೆ ಏರಿದ ಮೇಲೆ ಹೊರಗಿನಿಂದ ತರಿಸುವುದು ನಮ್ಮಂಥವರ ಕೈಗೆ ಎಟಕುವುದಿಲ್ಲ.

ಕುಂದಾಪುರದಿಂದ:
ಸಡಿಲ ಕೀಲಿಗೆ ಅಷ್ಟು ಹೆದರಬೇಕಿಲ್ಲ. ಗುಂಡಿನಂಥ ಕೀಲಾದರೆ ಬಣ್ಣವಿಲ್ಲದ ಉಗುರುಬಣ್ಣ ತೆಳುವಾಗಿ ಹಚ್ಚಿ, ಪೂರ್ತಿ ಒಣಗಿದ ಮೇಲೆ ಜೋಡಿಸಿದರೆ ಬಿಗಿಯಾಗುತ್ತದೆ. ಅತಿ ಬಿಗಿಯಾದದ್ದೇ ಅಪಾಯ. ಅದಕ್ಕೆ ಸಿಲಿಕೋನ್ ಎಣ್ಣೆ ಒಂದು ಹನಿ ಸಾಕು, ಬೈಕಿನ ಸರಪಳಿಗೆ ಹೊಡೆಯುವ ಸ್ಪ್ರೇ ಬೇಡ.

ಇನ್ನೊಂದು. ‘ಮಡಚಿ ನೋಡಿ’ ಎನ್ನುವುದು ನಿಮ್ಮ ಎಂಪಿ-10ಕ್ಕೆ ಸರಿ. 1980ರ ದಶಕದ ಕೊನೆಯಲ್ಲಿ ಮತ್ತು ಆಮೇಲೆ ಬಂದ, ಚಿನ್ನದ ಪುಡಿ ಕಲಸಿದಂತೆ ಮಿನುಗುವ ಪ್ಲಾಸ್ಟಿಕ್‌ನವು ಇವೆಯಲ್ಲ, ಅವನ್ನು ಮುಟ್ಟಿದರೆ ಬಿಸ್ಕತ್ತಿನ ಹಾಗೆ ಮುರಿಯುತ್ತವೆ. ಡಬ್ಬಿಯಿಂದ ತೆಗೆಯದಿದ್ದರೂ ಅದರ ಗತಿ ಅಷ್ಟೇ. ಮಾಲೀಕರ ಬಳಿ ಅಂಥದ್ದೇನಾದರೂ ಇದ್ದರೆ ಮಡಚಲು ಹೋಗಬೇಡಿ, ಕಣ್ಣಲ್ಲೇ ನೋಡಿ ಬನ್ನಿ.

ಕೇಳಿದವರು, ಸುರತ್ಕಲ್, ಭಾನುವಾರ ರಾತ್ರಿ:
ಹೋಗಿ ಬಂದೆ. ಎತ್ತರ ಸರಿಯಿತ್ತು, ಆರು ಚಕ್ರವೂ ಉರುಳಿದವು. ಬೆನ್ನಿನ ಎರಡು ಸ್ಕ್ರೂ ತುಕ್ಕು ಹಿಡಿದಿವೆ, ಎಡ ಮೊಣಕಾಲು ಸ್ವಲ್ಪ ಜಾರುತ್ತದೆ. ಕೊಡಲಿ ಮಾತ್ರ ಇರಲಿಲ್ಲ. ಮನೆಯಲ್ಲಿ ಎಲ್ಲೋ ಇದೆ ಎಂದು ಅವರೂ ಅವರ ಮಗಳೂ ಅರ್ಧ ಗಂಟೆ ಕಪಾಟು ತಡಕಾಡಿದರು. ಹತ್ತು ಸಾವಿರಕ್ಕೆ ತಂದೆ. ಸಾಮಾನು ಕಟ್ಟುವಾಗ ಕೊಡಲಿ ಸಿಕ್ಕಿದರೆ ಬಸ್ಸಿನಲ್ಲಿ ಕಳಿಸಿಕೊಡುತ್ತಾರಂತೆ.