ಮಹಾಬಲೇಶ್ವರ ಎಂಬ ಹೆಸರಿನ ಹೆಣ್ಣುರೂಪ: ಮಹಾಬಲೇಶ್ವರಿಯೋ, ಮಹಾಬಲೆಯೋ?

ಹಿರಿಯರಿಗೂ ಗೆಳೆಯರಿಗೂ ನಮಸ್ಕಾರ.

ಒಂದು ಹೆಸರಿನ ವಿಷಯದಲ್ಲಿ ನಿಮ್ಮ ಅಭಿಪ್ರಾಯ ಬೇಕಾಗಿದೆ. ಅಮೆರಿಕದಲ್ಲಿರುವ ನನ್ನ ಮಗಳಿಗೆ ದೀಪಾವಳಿಯ ಹೊತ್ತಿಗೆ ಹೆರಿಗೆ. ಹೆಣ್ಣುಮಗು ಎಂದು ಅಲ್ಲಿಯ ವೈದ್ಯರು ತಿಳಿಸಿದ್ದಾರೆ. ಮೊದಲ ಹೆಸರನ್ನು ಗಂಡ ಹೆಂಡತಿ ಇಬ್ಬರೂ ಕೂಡಿ ಆರಿಸಿಯಾಗಿದೆ. ನಡುವಿನ ಹೆಸರು ಮಾತ್ರ ತನ್ನ ಸೋದರಮಾವನದ್ದೇ ಆಗಬೇಕೆಂದು ಮಗಳು ಹಟ ಹಿಡಿದಿದ್ದಾಳೆ. ನನ್ನ ಭಾವ ಮಹಾಬಲೇಶ್ವರ ಶಿರಸಿ ಕಡೆಯವರು. ಮದುವೆಯಾಗದೆ ತೋಟ ನೋಡಿಕೊಂಡಿದ್ದರು. ನಮ್ಮ ಕೈ ಕಟ್ಟಿದ್ದ ಕಾಲದಲ್ಲಿ ಮಗಳ ಕಾಲೇಜಿನ ಶುಲ್ಕಕ್ಕೆ ಹಣ ಬರುತ್ತಿದ್ದುದು ಅವರ ಅಡಿಕೆಯಿಂದ. ಅವಳ ಹಾಸ್ಟೆಲಿಗೆ ಅವರು ಬರೆಯುತ್ತಿದ್ದ ಕಾರ್ಡುಗಳಲ್ಲಿ ಮೊದಲು ಕೊಟ್ಟಿಗೆಯ ಸುದ್ದಿ, ಆಮೇಲೆ ಕೊಳೆರೋಗದ ಸುದ್ದಿ, ಕೊನೆಯಲ್ಲಿ ಯಾವಾಗಲೂ ‘ನಿನ್ನ ಮಾಬ್ಲ ಮಾವ’. ಕಳೆದ ಮಳೆಗಾಲದಲ್ಲಿ ತೀರಿಕೊಂಡರು. ಅವರ ಹೆಸರು ಮುಂದಿನ ತಲೆಗೆ ದಾಟಬೇಕು ಎಂಬ ಮಗಳ ಆಸೆ ನನ್ನದೂ ಹೌದು.

ಗೋಕರ್ಣ ಇರುವ ಜಿಲ್ಲೆಯಲ್ಲಿ ಈ ಹೆಸರಿಗೆ ಬರವಿಲ್ಲ. ರಾವಣ ಎಷ್ಟು ಎಳೆದರೂ ಆತ್ಮಲಿಂಗ ಮೇಲೇಳಲಿಲ್ಲವಾದ್ದರಿಂದ ಅಲ್ಲಿಯ ದೇವರು ಮಹಾಬಲ. ಕುಮಟೆ, ಹೊನ್ನಾವರ, ಶಿರಸಿ, ಸಿದ್ದಾಪುರ ಎಲ್ಲ ಕಡೆಯೂ ಮಹಾಬಲೇಶ್ವರರಿದ್ದಾರೆ, ಮಾಬ್ಲಂದಿರಿದ್ದಾರೆ. ಯಕ್ಷಗಾನದ ಕೆರೆಮನೆ ಮಹಾಬಲ ಹೆಗಡೆಯವರ ಹೆಸರನ್ನು ಕೇಳದವರು ಯಾರು? ಆದರೆ ಈ ಹೆಸರನ್ನು ಹೊತ್ತ ಹೆಂಗಸೊಬ್ಬರನ್ನೂ ನಾನು ಕಂಡಿಲ್ಲ.

ಹೆಸರನ್ನು ಇದ್ದ ಹಾಗೆಯೇ ನಡುವೆ ಇಟ್ಟುಬಿಡಿ ಎಂದು ಅಳಿಯ ಹೇಳಿದ. ಅಲ್ಲಿ ಅದು ನಡೆದೀತು, ಇಲ್ಲಿ ನಡೆಯುವುದಿಲ್ಲ. ನಮ್ಮ ಕಡೆ ಮೊದಲು ತನ್ನ ಹೆಸರು, ನಡುವೆ ತಂದೆಯ ಹೆಸರು, ಕೊನೆಗೆ ಅಡ್ಡಹೆಸರು. 1862ರಲ್ಲಿ ಮದ್ರಾಸಿನಿಂದ ಮುಂಬಯಿ ಪ್ರಾಂತ್ಯಕ್ಕೆ ಸೇರಿದ ನಮ್ಮ ಜಿಲ್ಲೆ 1956ರ ವರೆಗೂ ಆ ಆಡಳಿತದಲ್ಲೇ ಇತ್ತು. ಹೆಸರಿನ ಮುಂದೆ ಇನಿಶಿಯಲ್ ಹಾಕುವ ಮಂಗಳೂರು, ಮೈಸೂರಿನ ಪದ್ಧತಿ ನಮ್ಮಲ್ಲಿ ಬೇರೂರದಿರಲು ಇದೇ ಕಾರಣವೆಂದು ನನ್ನ ತಿಳಿವಳಿಕೆ. ಹೆಣ್ಣುಮಗಳಿಗಾದರೆ ಮದುವೆಯಾದ ಮೇಲೆ ಆ ನಡುವಿನ ಜಾಗಕ್ಕೆ ಗಂಡನ ಹೆಸರು ಬರುತ್ತದೆ. ಪದ್ಮಶ್ರೀ ಪುರಸ್ಕೃತರಾದ ಅಂಕೋಲೆಯ ಹಾಲಕ್ಕಿ ಹಾಡುಗಾರ್ತಿ ಸುಕ್ರಿ ಬೊಮ್ಮಗೌಡ ಅವರ ಹೆಸರಿನಲ್ಲಿರುವ ಬೊಮ್ಮಗೌಡ ಅವರ ಪತಿ. ಹೀಗಾಗಿ ನನ್ನ ಮೊಮ್ಮಗಳ ಹೆಸರಿನ ನಡುವೆ ‘ಮಹಾಬಲೇಶ್ವರ’ ಎಂದು ಬರೆದರೆ ಊರಿನವರು ಇಂದು ಅದನ್ನು ತಂದೆ ಎಂದು ಓದುತ್ತಾರೆ, ನಾಳೆ ಗಂಡ ಎಂದು ಓದುತ್ತಾರೆ. ಮಾವ ಎಂದು ಓದುವವರು ಯಾರೂ ಇಲ್ಲ. ಆದ್ದರಿಂದ ಹೆಣ್ಣುರೂಪ ಬೇಕೇ ಬೇಕು.

ಅಮೆರಿಕದಲ್ಲಿ ಇದಕ್ಕೆ ಸಿದ್ಧ ರೂಪಗಳಿವೆ. ಜಾರ್ಜ್ ಎಂಬ ಅಜ್ಜನ ನೆನಪಿಗೆ ಜಾರ್ಜಿಯಾ ಅಥವಾ ಜಾರ್ಜಿನಾ, ಜೋಸೆಫನ ನೆನಪಿಗೆ ಜೋಸೆಫೀನ್, ಚಾರ್ಲ್ಸನ ನೆನಪಿಗೆ ಷಾರ್ಲಟ್. ನಮ್ಮಲ್ಲಿಯೂ ನಾರಾಯಣನಿಂದ ನಾರಾಯಣಿ, ಮಾಧವನಿಂದ ಮಾಧವಿ, ವಿನಾಯಕನಿಂದ ವಿನಾಯಕಿ ಆಗುವಂತೆ ಮಹಾಬಲೇಶ್ವರಿ ಆಗಲಿ ಎಂದು ನನ್ನ ಹೆಂಡತಿ ಹೇಳಿದಳು. ಇಲ್ಲಿಂದಲೇ ನನ್ನ ತೊಡಕು ಶುರುವಾಯಿತು.

ಗಂಡಿನ ಹೆಸರಿನಿಂದ ಹೆಣ್ಣಿನ ಹೆಸರನ್ನು ಕಟ್ಟಲು ಸಂಸ್ಕೃತದಲ್ಲಿ ಹಲವು ದಾರಿಗಳಿವೆ. ಒಂದೊಂದು ದಾರಿಯೂ ಒಂದೊಂದು ಸಂಬಂಧವನ್ನು ಹೇಳುತ್ತದೆ. ಮೊದಲನೆಯದು ಹೆಂಡತಿಯ ಸಂಬಂಧ. ವ್ಯಾಕರಣದಲ್ಲಿ ಇದಕ್ಕೆ ಪುಂಯೋಗ ಎನ್ನುತ್ತಾರೆ. ಇಂದ್ರಾಣಿ, ವರುಣಾನಿ, ಭವಾನಿ, ರುದ್ರಾಣಿ, ಮೃಡಾನಿ ಎಲ್ಲವೂ ಪಾಣಿನಿಯ ಒಂದೇ ಸೂತ್ರದಲ್ಲಿ (4.1.49) ಬರುತ್ತವೆ, ಎಲ್ಲರೂ ಆಯಾ ದೇವರ ಹೆಂಡಂದಿರು. ಅದೇ ಸೂತ್ರದಲ್ಲಿ ಮಾತುಲನೂ ಇದ್ದಾನೆ, ಅಂದರೆ ನಮ್ಮ ಸೋದರಮಾವ. ಮಾತುಲಾನಿ ಎಂದರೆ ಸೋದರಮಾವನ ಹೆಂಡತಿ, ನಾವು ಅತ್ತೆ ಎನ್ನುವವಳು. ಹುಟ್ಟಲಿರುವ ಕೂಸಿಗೆ ಈ ಅರ್ಥದ ನೆರಳೂ ತಾಗಬಾರದು. ಶಿವಾನಿ ಎಂದು ಮಗಳಿಗೆ ಹೆಸರಿಡುವವರು ದೇವಿಯನ್ನು ನೆನೆದು ಇಡುತ್ತಾರೆ, ಅದು ಸರಿಯೇ. ನಮ್ಮದು ಹಾಗಲ್ಲ, ಕಣ್ಣಮುಂದೆ ಓಡಾಡಿಕೊಂಡಿದ್ದ ಒಬ್ಬ ಮನುಷ್ಯನ ಹೆಸರು. ಮಹಾಬಲೇಶ್ವರಿ ಎಂದರೂ ಕೇಳಿದವರಿಗೆ ಮಹಾಬಲೇಶ್ವರನ ಮಡದಿ ಎಂದೇ ಅನ್ನಿಸುತ್ತದೆ. ಗೋಕರ್ಣದಲ್ಲಿ ಆ ದೇವಿಗೆ ತಾಮ್ರಗೌರಿ ಎಂಬ ತನ್ನದೇ ಹೆಸರಿದೆ, ತನ್ನದೇ ಗುಡಿ ಇದೆ. ಅವಳನ್ನು ಯಾರೂ ಮಹಾಬಲೇಶ್ವರಿ ಎಂದು ಕರೆಯುವುದಿಲ್ಲ.

ಎರಡನೆಯದು ಮಗಳ ಸಂಬಂಧ. ಜನಕನಿಂದ ಜಾನಕಿ, ದ್ರುಪದನಿಂದ ದ್ರೌಪದಿ, ಭೀಮರಾಜನಿಂದ ಭೈಮಿ. ತಾಳಮದ್ದಲೆಯಲ್ಲಿ ಒಳ್ಳೆಯ ಅರ್ಥಧಾರಿ ‘ಜಾನಕೀ’ ಎಂದು ಕರೆದಾಗ ಆ ಮಾತಿನಲ್ಲಿ ತವರುಮನೆ ಬಂದು ನಿಲ್ಲುತ್ತದೆ. ಹೆಣ್ಣುಮಗುವಿನ ಹೆಸರು ತದ್ಧಿತಾಂತವಾಗಿರಲಿ (ಅಂದರೆ ಹೀಗೆ ಇನ್ನೊಂದು ನಾಮಪದಕ್ಕೆ ಪ್ರತ್ಯಯ ಹತ್ತಿ ಆದದ್ದಾಗಿರಲಿ), ಆಕಾರದಲ್ಲಿ ಮುಗಿಯಲಿ, ಅಕ್ಷರಗಳು ಬೆಸಸಂಖ್ಯೆಯಲ್ಲಿರಲಿ ಎಂದು ಮನೆಯ ಸಂಸ್ಕಾರಗಳ ವಿಧಿ ಹೇಳುವ ಪಾರಸ್ಕರ ಗೃಹ್ಯಸೂತ್ರ ಹೇಳುತ್ತದೆ. ಹಾಗಾಗಿ ಈ ದಾರಿ ನನಗೆ ಬಹಳ ಹಿಡಿಸಿತ್ತು. ಕೂಸು ಅವರ ಮಗಳಲ್ಲದಿದ್ದರೂ ಚಿಂತೆಯಿಲ್ಲ. ವಿಷ್ಣುವಿಗೆ ಸೇರಿದವಳು ವೈಷ್ಣವಿ ಎನ್ನುವಂತೆ ‘ಅವನಿಗೆ ಸೇರಿದವಳು’ ಎಂಬ ಅರ್ಥದಲ್ಲಿಯೂ ತದ್ಧಿತ ಬರುತ್ತದೆ. ಆದರೆ ಮಹಾಬಲದಿಂದ ಹಾಗೆ ಮಾಡಿದರೆ ಸಿಗುವುದು ‘ಮಾಹಾಬಲಿ’. ದೀಪಾವಳಿಯಲ್ಲಿ ಹುಟ್ಟುವ ಮಗುವಿಗೆ ಈ ಹೆಸರಿಟ್ಟರೆ ಎಲ್ಲರಿಗೂ ನೆನಪಾಗುವವನು ಬಲಿಪಾಡ್ಯಮಿಯ ಬಲೀಂದ್ರ. ಭಾವನ ನೆನಪು ಅಲ್ಲಿಗೆ ಅಳಿಸಿಹೋಗುತ್ತದೆ.

ಮೂರನೆಯದು ಯಾರ ಹಂಗೂ ಇಲ್ಲದ ರೂಪ. ಆಚಾರ್ಯಾನಿ ಎಂದರೆ ಗುರುವಿನ ಹೆಂಡತಿ. ಆಚಾರ್ಯಾ ಎಂದರೆ ತಾನೇ ಗುರುವಾದವಳು. ಅದೇ ರೀತಿ ಮಹಾಬಲಾ ಎಂದರೆ ಮಹತ್ತಾದ ಬಲವುಳ್ಳವಳು, ಅಷ್ಟೇ. ಹೆಂಡತಿಯೂ ಅಲ್ಲ, ಮಗಳೂ ಅಲ್ಲ. ಆ ಗುಣವನ್ನು ತಾನೇ ಹೊತ್ತವಳು. ಲಲಿತಾಸಹಸ್ರನಾಮದಲ್ಲಿ ‘ಮಹಾವೀರ್ಯಾ ಮಹಾಬಲಾ’ ಎಂದು ದೇವಿಯ ಹೆಸರಾಗಿ ಬಂದಿದೆ. ಆಯುರ್ವೇದದಲ್ಲಿ ಬಲಾ, ಅತಿಬಲಾ, ನಾಗಬಲಾ ಎಂಬ ಮೂಲಿಕೆಗಳ ಜೊತೆಗೆ ಮಹಾಬಲಾ ಎಂಬುದೂ ಇದೆ. ನಾಲ್ಕನ್ನೂ ಸೇರಿಸಿ ಬಲಾಚತುಷ್ಟಯ ಎನ್ನುತ್ತಾರೆ. ಸೊಪ್ಪು, ಬೇರು, ಕಷಾಯ ಎಂದು ಊರಿಗೆಲ್ಲ ಮದ್ದು ಹೇಳುತ್ತಿದ್ದ ಭಾವನಿಗೆ ಇದು ಒಪ್ಪುವ ಹೆಸರು. ಅಕ್ಷರ ನಾಲ್ಕಾಗಿ ಗೃಹ್ಯಸೂತ್ರದ ಬೆಸಸಂಖ್ಯೆ ತಪ್ಪುತ್ತದೆ, ನಿಜ. ಮೊದಲ ಹೆಸರು ಮೂರಕ್ಷರದ್ದೇ ಇರುವುದರಿಂದ ನಡುವಿನದಕ್ಕೂ ಆ ಕಟ್ಟು ಬೇಕೆಂದು ನನಗೆ ಅನ್ನಿಸುವುದಿಲ್ಲ. ತಿಳಿದವರು ಬೇರೆ ಹೇಳಿದರೆ ಕೇಳುತ್ತೇನೆ.

ಅಚ್ಚಗನ್ನಡದ ದಾರಿಯನ್ನೂ ಮರೆತಿಲ್ಲ. ಹುಡುಗ, ಹುಡುಗಿ ಎಂಬಲ್ಲಿ ಹೆಂಡತಿಯ ಅರ್ಥವಿಲ್ಲ. ಸುಕ್ರಿ ಎಂಬ ಹೆಸರಿನಲ್ಲಿಯೂ ಇಲ್ಲ. ಗೌಡ, ಗೌಡತಿ ಎಂಬಲ್ಲಿ ಇದೆ. ತಿಮ್ಮಪ್ಪನ ಜೋಡಿಗೆ ತಿಮ್ಮಕ್ಕ ಇರುವಂತೆ ಮಾಬ್ಲನ ಜೋಡಿಗೆ ಮಾಬ್ಲಿ, ಮಾಬ್ಲಕ್ಕ ಎಂಬ ರೂಪಗಳು ನಿಮ್ಮ ಊರಿನಲ್ಲಿ ಬಳಕೆಯಲ್ಲಿವೆಯೇ? ಇದ್ದರೆ ಯಾವ ಊರು, ಯಾರ ಮನೆಮಾತು ಎಂದು ದಯವಿಟ್ಟು ಬರೆಯಿರಿ. ಮನೆಯಲ್ಲಿ ಕರೆಯಲಿಕ್ಕಾದರೂ ಅಂಥದೊಂದು ಬೇಕು. ಕಾಗದದ ಮೇಲಿನ ಹೆಸರು ಕೂಸಿನ ಕಿವಿಗೆ ಬೀಳುವುದು ಅಪರೂಪ.

ಹೊತ್ತು ಹೆಚ್ಚಿಲ್ಲ. ನಮ್ಮಲ್ಲಿ ಹೆಸರಿಲ್ಲದೆಯೂ ಜನನ ನೋಂದಣಿ ಆಗುತ್ತದೆ, 12 ತಿಂಗಳೊಳಗೆ ಶುಲ್ಕವಿಲ್ಲದೆ ಹೆಸರು ಸೇರಿಸಬಹುದು. ಅಲ್ಲಿ ಆಸ್ಪತ್ರೆ ಬಿಡುವ ಮೊದಲೇ ಫಾರಂ ತುಂಬಿಕೊಡಬೇಕೆಂದು ಮಗಳು ಹೇಳುತ್ತಾಳೆ. ನಾಮಕರಣವನ್ನು ಮುಂದೆ ಊರಿನಲ್ಲಿ ಮಾಡುವವರಿದ್ದೇವೆ. ಹರಿವಾಣದ ಅಕ್ಕಿಯ ಮೇಲೆ ಉಂಗುರದಿಂದ ದೇವತಾನಾಮ, ಮಾಸನಾಮ, ನಕ್ಷತ್ರನಾಮ, ವ್ಯಾವಹಾರಿಕನಾಮ ಎಂದು ಬರೆಯುವಾಗ ಮಹಾಬಲಾ ಎಂಬುದನ್ನು ದೇವತಾನಾಮದ ಸ್ಥಾನದಲ್ಲಿ ಬರೆಸಬಹುದು ಎಂದು ನಮ್ಮ ಪುರೋಹಿತರು ಒಪ್ಪಿದ್ದಾರೆ.

ಇನ್ನುಳಿದದ್ದು ಬರವಣಿಗೆ. ರೋಮನ್ ಲಿಪಿಯಲ್ಲಿ ಮಹಾಬಲ, ಮಹಾಬಲಾ ಎರಡೂ ಒಂದೇ. ಆ ಕಾಗದ ಓದಿದ ನಮ್ಮವರು ಗಂಡಿನ ಹೆಸರೆಂದೇ ತಿಳಿಯಬಹುದು. ಕೊನೆಗೆ ಇನ್ನೊಂದು ಎ ಸೇರಿಸುವುದು ಕಣ್ಣಿಗೆ ಚೆನ್ನಾಗಿಲ್ಲ. ಕನ್ನಡದಲ್ಲಿ ಮಾಲಾ ಮಾಲೆಯಾಗುವಂತೆ, ಸೀತಾ ಸೀತೆಯಾಗುವಂತೆ ಮಹಾಬಲೆ ಎಂದು ಬರೆದರೆ ಗೊಂದಲವೇ ಇರುವುದಿಲ್ಲ. ಮಹಾಬಲೆಗೆ, ಮಹಾಬಲೆಯ ಎಂದು ವಿಭಕ್ತಿಯೂ ಸಲೀಸು. ನನ್ನ ಒಲವು ಕನ್ನಡದಲ್ಲಿ ಮಹಾಬಲೆ, ರೋಮನ್‌ನಲ್ಲಿ ಮಹಾಬಲಾ ಎಂಬ ಕಡೆಗಿದೆ. ಒಂದೇ ಮಗುವಿನ ಹೆಸರಿಗೆ ಎರಡು ಲಿಪಿಯಲ್ಲಿ ಎರಡು ಕೊನೆ ಇದ್ದರೆ ಮುಂದೆ ದಾಖಲೆಗಳಲ್ಲಿ ತೊಂದರೆಯಾದೀತೇ? ಸುಧಾ, ಸುಧೆ, ಶಾರದಾ, ಶಾರದೆ ಎಂದು ಎರಡೂ ಬಗೆಯಲ್ಲಿ ಬರೆದು ಅನುಭವವಿರುವವರು ತಿಳಿಸಿ. ಹಾಗೆಯೇ ಈ ನಡುವಿನ ಹೆಸರಿಗೆ ‘ನಡುಹೆಸರು’ ಎಂದರೆ ಸಾಕೇ, ಬೇರೆ ರೂಢಿಯ ಮಾತಿದೆಯೇ ಎಂಬುದನ್ನೂ.